ದಾವಣಗೆರೆಯಲ್ಲಿ ಪಿಕಪ್ ಮಾರಿದ್ದು: ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ

ನಮ್ಮ ಬೊಲೆರೊ ಪಿಕಪ್‌ನ ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಅಪ್ಪನ ಹೆಸರು ಹೋಗಿ ಕೊಂಡವರ ಹೆಸರು ಬಂದಿದ್ದು ಕಳೆದ ವಾರ. ಗಿರಾಕಿ ಸಿಕ್ಕಿದ್ದು, ರೇಟು ಕುದುರಿದ್ದು ಅದಕ್ಕಿಂತ ಎಷ್ಟೋ ಮೊದಲು. ಇವೆರಡರ ನಡುವೆ ನಮ್ಮ ಮನೆಯವರು ಪಟ್ಟ ಆತಂಕ ಸಣ್ಣದಲ್ಲ. ಎಲ್ಲವೂ ನೆನಪಿನಲ್ಲಿರುವಾಗಲೇ ಬರೆದಿಡುತ್ತಿದ್ದೇನೆ. ನಮ್ಮ ಕಡೆ ಬೀದಿಗೊಂದು ಲಗೇಜ್ ಗಾಡಿ ಇದೆ. ಆದರೆ ಮಾರುವಾಗ ಯಾವುದು ಮೊದಲು, ಯಾವುದು ಆಮೇಲೆ ಅಂತ ಕೂರಿಸಿಕೊಂಡು ಹೇಳುವವರು ಕಡಿಮೆ.

ಗಾಡಿ 2017ರ ಮಾಡೆಲ್, ಕೆಎ-17 ರಿಜಿಸ್ಟ್ರೇಷನ್, ಮೊದಲಿಂದಲೂ ಅಪ್ಪನದೇ. ಸುಗ್ಗಿಯಲ್ಲಿ ಮೆಕ್ಕೆಜೋಳ, ಭತ್ತ ಎಪಿಎಂಸಿಗೆ ಹೊಡೆಯುತ್ತಿದ್ದರು. ಮದುವೆ ಸೀಸನ್‌ನಲ್ಲಿ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ. ಅಪ್ಪನಿಗೆ ಮಂಡಿ ನೋವು ಜಾಸ್ತಿಯಾಗಿ ಕ್ಲಚ್ ತುಳಿಯುವುದೇ ಕಷ್ಟವಾಯಿತು. ಡ್ರೈವರ್ ಇಟ್ಟು ನೋಡಿದೆವು, ಬಾಡಿಗೆ ಸಂಬಳಕ್ಕೇ ಸರಿಹೋಯಿತು. ಅದರ ಮೇಲೆ ಗಾಡಿಗೆ ಎಂಟು ವರ್ಷ ತುಂಬಿತ್ತು. ಸರಕು ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್), ಆಮೇಲೆ ಪ್ರತಿ ವರ್ಷ. ದುಡಿಯದ ಗಾಡಿಗೆ ವರ್ಷ ವರ್ಷ ಎಫ್‌ಸಿ ಮಾಡಿಸಿ ನಿಲ್ಲಿಸಿಕೊಳ್ಳುವುದರಲ್ಲಿ ಅರ್ಥ ಇರಲಿಲ್ಲ.

ಮೊದಲು ಪಿ.ಬಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಗಾಡಿ ವ್ಯಾಪಾರ ಮಾಡುವ ಒಬ್ಬರ ಹತ್ತಿರ ತೋರಿಸಿದೆವು. ನಾಲ್ಕು ಲಕ್ಷ ಹತ್ತು ಸಾವಿರ ಅಂದರು. ರೇಟು ಕಮ್ಮಿ ಅನ್ನುವುದು ಒಂದು ಕಡೆ ಇರಲಿ. ನನ್ನನ್ನು ತಡೆದಿದ್ದು ಅವರ ಇನ್ನೊಂದು ಮಾತು. "29, 30 ಎರಡಕ್ಕೂ ಸಹಿ ಹಾಕಿಕೊಟ್ಟು ಹೋಗ್ರಿ ಯಜಮಾನ್ರೆ, ಪಾರ್ಟಿ ಸಿಕ್ಕಾಗ ಹೆಸರು ನಾವು ತುಂಬ್ಕೋತೀವಿ" ಅಂದರು. 29, 30 ಅಂದರೆ ಹೆಸರು ವರ್ಗಾವಣೆಗೆ ಆರ್‌ಟಿಓಗೆ ಕೊಡುವ ಫಾರಂಗಳು. ಅಂದರೆ ಖಾಲಿ ಫಾರಂ ಮೇಲೆ ಅಪ್ಪನ ಸಹಿ. ಗಾಡಿ ಅವರ ಅಂಗಳದಲ್ಲಿ ಎಷ್ಟು ದಿನ ನಿಲ್ಲುತ್ತದೋ, ಯಾರ ಕೈಗೆ ಹೋಗುತ್ತದೋ, ಅಲ್ಲಿಯವರೆಗೆ ದಾಖಲೆಯಲ್ಲಿ ಮಾಲೀಕ ಅಪ್ಪನೇ.

ಇದು ಸುಮ್ನೆ ಹೆದರಿಕೆ ಅಲ್ಲ. ಗಾಡಿ ಕೈ ಬದಲಾದರೂ ಆರ್‌ಸಿಯಲ್ಲಿ ಹೆಸರು ಬದಲಾಗದಿದ್ದರೆ, ಅಪಘಾತವಾದಾಗ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದ್ದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಅಲ್ಲಿಯೂ ಕಾರು ಒಬ್ಬರಿಂದ ಒಬ್ಬರಿಗೆ ಮಾರಾಟವಾಗುತ್ತಾ ಹೋಗಿತ್ತು, ಹೆಸರು ಮಾತ್ರ ಮೊದಲನೆಯವರದ್ದೇ ಉಳಿದಿತ್ತು. ಅಪ್ಪನಿಗೆ ಇದನ್ನು ಬಿಡಿಸಿ ಹೇಳಿದೆ. "ಹಂಗಾದ್ರೆ ನಾವೇ ಮಾರಾನ. ಹೆಸರು ಬದಲಾಗದಂಗೆ ಯಾರಿಗೂ ಕೊಡೋದು ಬ್ಯಾಡ" ಅಂದರು. ಕೊನೆವರೆಗೂ ನಾವು ಹಿಡಿದುಕೊಂಡಿದ್ದು ಅದೊಂದೇ ಮಾತು.

ಜಾಹೀರಾತು ಹಾಕುವ ಮೊದಲು ಕಾಗದಪತ್ರ ನೋಡಿದೆವು. ಇದು ಬಹಳ ಒಳ್ಳೆಯದಾಯಿತು, ಯಾಕೆಂದರೆ ಒಂದೊಂದರಲ್ಲೂ ಒಂದೊಂದು ತೊಡಕು.

ಮೊದಲನೆಯದು ಮೊಬೈಲ್ ನಂಬರ್. ವರ್ಗಾವಣೆ ಅರ್ಜಿಗೆ ಸರ್ಕಾರದ ಪರಿವಾಹನ್ ಪೋರ್ಟಲ್‌ನಲ್ಲಿ ಓಟಿಪಿ ಬೇಕು. ಅದು ಗಾಡಿಯ ದಾಖಲೆಯಲ್ಲಿರುವ ನಂಬರಿಗೇ ಹೋಗುತ್ತದೆ. ನಮ್ಮ ಗಾಡಿಯ ದಾಖಲೆಯಲ್ಲಿ ಇದ್ದಿದ್ದು ಅಪ್ಪನ ನಂಬರ್ ಅಲ್ಲ. ಹೊಸ ಗಾಡಿ ಕೊಂಡಾಗ ಶೋರೂಮಿನವರು ತಮ್ಮದೇ ಯಾವುದೋ ನಂಬರ್ ಹಾಕಿದ್ದರು. ಇಷ್ಟು ವರ್ಷ ಅದು ಗೊತ್ತೇ ಆಗಿರಲಿಲ್ಲ. ಪೋರ್ಟಲ್‌ನಲ್ಲೇ ನಂಬರ್ ಬದಲಿಸಲು ಹೋದರೆ ಆಧಾರ್‌ನಲ್ಲಿರುವ ಹೆಸರು ಆರ್‌ಸಿಗೆ ಹೊಂದುತ್ತಿಲ್ಲ ಅಂತ ಬಂತು. ಆರ್‌ಸಿಯಲ್ಲಿ ಅಪ್ಪನ ಹೆಸರಿಗೆ ಮುಂದೆ ಎರಡು ಇನಿಶಿಯಲ್, ಆಧಾರ್‌ನಲ್ಲಿ ಹಿಂದೆ ಒಂದು. ಕೊನೆಗೆ ಆರ್‌ಟಿಓ ಕಚೇರಿಗೇ ಹೋಗಿ ಅರ್ಜಿ ಕೊಟ್ಟೆವು. ಆರ್‌ಸಿ, ಆಧಾರ್ ಜೆರಾಕ್ಸ್ ಜೊತೆಗೆ ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ಕೇಸ್ ವರ್ಕರ್ ನೋಡಿ, ಕೇಳಿ, ಸರಿಮಾಡಿಸಿಕೊಟ್ಟರು. ನೀವು ಗಾಡಿ ಮಾರುವ ಯೋಚನೆಯಲ್ಲಿದ್ದರೆ ಇವತ್ತೇ ಇದನ್ನು ನೋಡಿಕೊಳ್ಳಿ. ಗಿರಾಕಿ ದುಡ್ಡು ಹಿಡಿದು ಬಾಗಿಲಲ್ಲಿ ನಿಂತಾಗ ಓಟಿಪಿ ಇನ್ಯಾರದೋ ಫೋನಿಗೆ ಹೋದರೆ ಆ ವ್ಯಾಪಾರ ನಿಲ್ಲುವುದಿಲ್ಲ.

ಎರಡನೆಯದು ಸಾಲದ ಗುರುತು. ಗಾಡಿ ಮೇಲಿನ ಸಾಲ ತೀರಿದರೂ ಆರ್‌ಸಿಯಲ್ಲಿ ಫೈನಾನ್ಸ್ ಕಂಪನಿಯ ಹೆಸರು ತಾನಾಗಿ ಹೋಗುವುದಿಲ್ಲ. ಅವರಿಂದ ಎನ್‌ಓಸಿ (ನಮ್ಮದೇನೂ ಆಕ್ಷೇಪ ಇಲ್ಲ ಅನ್ನುವ ಪತ್ರ), ಜೊತೆಗೆ ಅವರ ಸಹಿ, ಸೀಲು ಇರುವ ಫಾರಂ 35 ತಂದು ಎಚ್‌ಪಿ, ಅಂದರೆ ಆ ಸಾಲದ ಗುರುತು, ಕ್ಯಾನ್ಸಲ್ ಮಾಡಿಸಬೇಕು. ಕೊನೆಯ ಕಂತು ಕಟ್ಟಿದ ಮೇಲೆ ಎನ್‌ಓಸಿ ಬಂತು. ಮನೆಯಲ್ಲಿ ಆರ್‌ಸಿ ಪಕ್ಕ ಇಟ್ಟು ಅಕ್ಷರ ಅಕ್ಷರ ಓದಿದೆ. ಇಂಜಿನ್ ನಂಬರ್‌ನಲ್ಲಿ 8 ಇರಬೇಕಾದ ಕಡೆ ಇಂಗ್ಲಿಷ್ ಬಿ ಅಕ್ಷರ ಹೊಡೆದಿದ್ದರು. ಫೈನಾನ್ಸ್ ಕಚೇರಿಯಲ್ಲಿ ತೋರಿಸಿದರೆ "ಇದೇನ್ ದೊಡ್ಡದಲ್ಲ ಸಾರ್, ನಡೆಯುತ್ತೆ" ಅಂದರು. ನಾನು ಒಪ್ಪಲಿಲ್ಲ. ಅಲ್ಲಿ ನಡೆಯುತ್ತೆ ಅಂದಿದ್ದು ಆರ್‌ಟಿಓ ಕೌಂಟರಿನಲ್ಲಿ ನಡೆಯಬೇಕಲ್ವಾ? ಹೊಸ ಎನ್‌ಓಸಿ ಅವರ ಹೆಡ್ ಆಫೀಸಿನಿಂದ ಬರಬೇಕಿತ್ತು. ಬಂತು, ಆದರೆ ಒಂದು ತಿಂಗಳ ಹತ್ತಿರ ತಿಂದುಹಾಕಿತು. ಎನ್‌ಓಸಿಗೆ ಸಾಮಾನ್ಯವಾಗಿ ಇಂತಿಷ್ಟು ದಿನ ಅಂತ ಅವಧಿ ಇರುತ್ತದೆ. ಕೈಗೆ ಬಂದ ಕೂಡಲೇ ಕೆಲಸ ಮುಗಿಸಿಬಿಡಿ.

ಮೂರನೆಯದು ನಂಬರ್ ಪ್ಲೇಟು. 2019ರ ಏಪ್ರಿಲ್ 1ಕ್ಕಿಂತ ಮೊದಲು ರಿಜಿಸ್ಟರ್ ಆದ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ) ಪ್ಲೇಟ್ ನಾವೇ ಹಾಕಿಸಿಕೊಳ್ಳಬೇಕು, ಅದಿಲ್ಲದೆ ನಮ್ಮ ರಾಜ್ಯದಲ್ಲಿ ಹೆಸರು ವರ್ಗಾವಣೆ ಮಾಡುವುದಿಲ್ಲ. ನಮ್ಮದು ಹಾಕಿಸಿದ್ದಾಗಿತ್ತು. ಪರ್ಮಿಟ್ ಬಗ್ಗೆ ಕೆಲವರು ಕೇಳಿದರು. ಒಟ್ಟು ತೂಕ 3,000 ಕೆಜಿ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ. ನಿಮ್ಮ ಆರ್‌ಸಿಯಲ್ಲಿ ಒಟ್ಟು ತೂಕ ಎಷ್ಟು ಬರೆದಿದೆ ಅಂತ ನೋಡಿ. ಅದಕ್ಕಿಂತ ಜಾಸ್ತಿ ಇದ್ದರೆ ಪರ್ಮಿಟ್ ವರ್ಗಾವಣೆ ಬೇರೆ ಕೆಲಸ.

ಎಫ್‌ಸಿ ಮಾಡಿಸಿಯೇ ಮಾರೋಣ ಅಂತ ತೀರ್ಮಾನಿಸಿದೆವು. ಗಾಡಿಗೆ ಬಣ್ಣ, ತುಕ್ಕು ಹಿಡಿದ ತಳಕ್ಕೆ ತಗಡು, ಬ್ರೇಕ್ ಕೆಲಸ, ರಿಫ್ಲೆಕ್ಟರ್ ಟೇಪ್, ಲೈಟುಗಳು, ಎಲ್ಲಾ ಸೇರಿ ಹದಿನಾಲ್ಕು ಸಾವಿರದ ಆಸುಪಾಸು ಹೋಯಿತು. "ಮಾರೋ ಗಾಡಿಗೆ ಇಷ್ಟು ಖರ್ಚು ಯಾಕೆ?" ಅಂತ ಚಿಕ್ಕಪ್ಪ ಬೈದರು. ಆದರೆ ಎಫ್‌ಸಿ ಅವಧಿ ಮುಗಿದ ಗಾಡಿಯನ್ನು ಗಿರಾಕಿ ರಸ್ತೆ ಮೇಲೆ ಓಡಿಸಿ ನೋಡುವುದಕ್ಕೂ ಹಿಂಜರಿಯುತ್ತಾನೆ. ನೋಡಿದರೂ ಮೂವತ್ತು, ನಲವತ್ತು ಸಾವಿರ ಕಡಿಮೆಗೇ ಕೇಳುತ್ತಾನೆ. ನನ್ನ ಮಟ್ಟಿಗೆ ಆ ಖರ್ಚು ವಾಪಸ್ ಬಂತು.

ಫೋಟೋ ತೆಗೆದು ಜಾಹೀರಾತು ಹಾಕಿದ್ದೇ ತಡ, ಫೋನು ಶುರು. ಕೊನೆ ರೇಟು ಎಷ್ಟು ಅಂತ ಕೇಳಿ ಇಟ್ಟುಬಿಡುವವರೇ ಹೆಚ್ಚು. ಒಬ್ಬ ಸೈನ್ಯದಲ್ಲಿದ್ದೇನೆ ಅಂತ ಹಿಂದಿಯಲ್ಲಿ ಮಾತಾಡಿದ. ಗಾಡಿ ನೋಡದೆಯೇ ರೇಟು ಒಪ್ಪಿದ. ಅಡ್ವಾನ್ಸ್ ಕಳಿಸುತ್ತೇನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದ. ಪಿನ್ ಹಾಕಬೇಕಾದ್ದು ದುಡ್ಡು ಕೊಡುವುದಕ್ಕೆ, ತಗೊಳ್ಳುವುದಕ್ಕೆ ಅಲ್ಲ. ನಿಮ್ಮ ಮನೆಯಲ್ಲಿ ಫೋನ್ ಎತ್ತುವ ಪ್ರತಿಯೊಬ್ಬರಿಗೂ ಇದನ್ನು ಮೊದಲೇ ಹೇಳಿಡಿ. ಆರ್‌ಸಿ, ಆಧಾರ್ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿ ಅಂತಲೂ ಕೇಳುತ್ತಾರೆ. ನಾವು ಯಾರಿಗೂ ಕಳಿಸಲಿಲ್ಲ. ಗಾಡಿ ನೋಡಲು ಬಂದವರಿಗೆ ಕೈಯಲ್ಲಿ ಕೊಟ್ಟು ತೋರಿಸಿದೆವು, ಅಷ್ಟೇ.

ನಿಜವಾದ ಗಿರಾಕಿ ಬಂದಿದ್ದು ಚನ್ನಗಿರಿ ತಾಲ್ಲೂಕಿನಿಂದ. ಅಡಿಕೆ, ಬಾಳೆ ಹೊಡೆಯುವ ಹುಡುಗ. ಜೊತೆಗೆ ಅವನ ಮಾವ ಮತ್ತು ಒಬ್ಬ ಮೆಕ್ಯಾನಿಕ್. ಆ ಮೆಕ್ಯಾನಿಕ್ ಗಾಡಿ ನೋಡಿದ ರೀತಿ ನನಗೆ ಇಷ್ಟವಾಯಿತು. ಹೊಸ ಬಣ್ಣದ ಕಡೆ ತಿರುಗಿಯೂ ನೋಡಲಿಲ್ಲ. ಮೊದಲು ಬಾನೆಟ್ ಮೇಲೆ ಕೈಯಿಟ್ಟು ಇಂಜಿನ್ ತಣ್ಣಗಿದೆಯಾ ಅಂತ ನೋಡಿದ. ಆಮೇಲೆ ಸ್ಟಾರ್ಟ್ ಮಾಡಿಸಿ, ಚಾಲೂ ಇರುವಾಗಲೇ ಆಯಿಲ್ ಮುಚ್ಚಳ ತೆಗೆದ. ಅಲ್ಲಿಂದ ಹೊಗೆ ಬುಸುಬುಸು ಬಂದರೆ ಪಿಸ್ಟನ್ ರಿಂಗ್ ಸವೆದಿದೆ ಅಂತ. ಮುಚ್ಚಳವನ್ನು ಬಾಯಿ ಮೇಲೆ ಮಗುಚಿ ಇಟ್ಟು ಸುಮ್ಮನೆ ನೋಡುತ್ತಾ ನಿಂತ. ಮುಚ್ಚಳ ಸ್ವಲ್ಪ ನಡುಗಿತು, ಹಾರಿ ಬೀಳಲಿಲ್ಲ. ಅಪ್ಪ ಉಸಿರು ಹಿಡಿದುಕೊಂಡೇ ನಿಂತಿದ್ದರು. ಆಮೇಲೆ ಗಾಡಿ ಕೆಳಗೆ ಮಲಗಿ ಚಾಸಿಗೆ ಎಲ್ಲಾದರೂ ವೆಲ್ಡಿಂಗ್ ಆಗಿದೆಯಾ, ಸ್ಪ್ರಿಂಗ್ ಪಟ್ಟಿ ಮುರಿದಿದೆಯಾ ಅಂತ ಟಾರ್ಚ್ ಹಾಕಿ ನೋಡಿದ. ಹದಡಿ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬಂದು, "ಇಂಜಿನ್ ಕೆಲಸ ಇಲ್ಲ. ಕ್ಲಚ್ ಪ್ಲೇಟ್ ಆರು ತಿಂಗಳು ಬರಬಹುದು. ಹಿಂದಿನ ಎರಡು ಟಯರ್ ಹಾಕಬೇಕು" ಅಂದ. ಅವನು ಹೇಳಿದ್ದೆಲ್ಲಾ ನಿಜವೇ. ನಾವೂ ಹೌದು ಅಂದೆವು.

ನಾವು ಹೇಳಿದ್ದು ಐದು ಲಕ್ಷ ಇಪ್ಪತ್ತೈದು ಸಾವಿರ. ಅವರು ನಾಲ್ಕೂವರೆಗೆ ನಿಂತರು. ಟೀ ಕುಡಿದು, ಎದ್ದು ಹೋಗಿ, ಮತ್ತೆ ಫೋನ್ ಮಾಡಿ, ಕೊನೆಗೆ ನಾಲ್ಕು ಲಕ್ಷ ಎಪ್ಪತ್ತು ಸಾವಿರಕ್ಕೆ ಮಾತು ಮುಗಿಯಿತು. ಟಯರ್, ಕ್ಲಚ್ ಖರ್ಚು ಲೆಕ್ಕ ಹಾಕಿದರೆ ಇದು ಇಬ್ಬರಿಗೂ ನ್ಯಾಯದ ರೇಟು ಅಂತ ನನಗೆ ಈಗಲೂ ಅನಿಸುತ್ತದೆ. ಇಪ್ಪತ್ತು ಸಾವಿರ ಅಡ್ವಾನ್ಸ್ ಕೊಟ್ಟರು. ಹಾಳೆ ಮೇಲೆ ಬರೆದು ಇಬ್ಬರೂ ಸಹಿ ಹಾಕಿದೆವು. ಮೇಲ್ಗಡೆ ಎರಡು ಷರತ್ತು: ಪೂರ್ತಿ ದುಡ್ಡು ಬ್ಯಾಂಕಿಗೆ ಬಂದ ಮೇಲೆ, ವರ್ಗಾವಣೆ ಅರ್ಜಿ ಪೋರ್ಟಲ್‌ನಲ್ಲಿ ಸಲ್ಲಿಸಿದ ಮೇಲೆ, ಆಗ ಗಾಡಿ.

ಇಲ್ಲಿಂದ ಕತೆ ಬೇರೆ ದಾರಿ ಹಿಡಿಯಿತು. ಹುಡುಗ ಮೂರು ಲಕ್ಷ ಚಿಲ್ಲರೆ ಸಾಲ ಮಾಡುವವನಿದ್ದ. ಅವನ ಫೈನಾನ್ಸ್‌ನವರು ಗಾಡಿಗೆ ಬೆಲೆ ಕಟ್ಟುವವರನ್ನು ಕಳಿಸಿದರು. ಆತ ಫೋಟೋ ಹೊಡೆದು, ಮೀಟರ್ ನೋಡಿ, ಚಾಸಿ ಪ್ರಿಂಟ್ ಬೇಕು ಅಂದ. ಚಾಸಿ ಮೇಲೆ ಕೊರೆದ ನಂಬರ್ ಮೇಲೆ ಎಂಟು ವರ್ಷದ ಗ್ರೀಸ್, ಗದ್ದೆ ಕೆಸರು ಕೂತು ಗಟ್ಟಿಯಾಗಿತ್ತು. ಸೀಮೆಎಣ್ಣೆ ಹಚ್ಚಿ, ಹಳೆ ಟೂತ್ ಬ್ರಷ್‌ನಲ್ಲಿ ಉಜ್ಜಿ, ಒರೆಸಿ, ತೆಳು ಕಾಗದ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ತಿಕ್ಕಿದರೆ ಒಂದೊಂದೇ ಅಕ್ಷರ ಬಿಳಿಯಾಗಿ ಮೂಡುತ್ತಾ ಬಂತು. ಗಾಡಿ ತೊಳೆಸುವಾಗಲೇ ಆ ಜಾಗ ಚೊಕ್ಕ ಮಾಡಿಸಿಡಿ. ಎರಡು ಮೂರು ಪ್ರಿಂಟ್ ಜಾಸ್ತಿಯೇ ತೆಗೆದಿಡಿ, ಆರ್‌ಟಿಓ ಫಾರಂಗೂ ಬೇಕಾಗುತ್ತದೆ.

ಫೈನಾನ್ಸ್‌ನವರ ಮಾತು: ಅಪ್ಪ ಸಹಿ ಮಾಡಿದ ಫಾರಂ 29, 30, ಒರಿಜಿನಲ್ ಆರ್‌ಸಿ ಕೊಟ್ಟರೆ ದುಡ್ಡು ಬಿಡುತ್ತೇವೆ. ನಮ್ಮ ಮಾತು: ದುಡ್ಡು ಬಂದರೆ ಸಹಿ. ಎರಡು ದಿನ ಇದೇ ಹಗ್ಗಜಗ್ಗಾಟ. ಕೊನೆಗೆ ನಾವು ಒಂದು ದಾರಿ ಕೇಳಿದೆವು. ಸಾಲದ ಮೊತ್ತ ಹುಡುಗನ ಖಾತೆಗೆ ಬೇಡ, ನೇರ ಅಪ್ಪನ ಖಾತೆಗೆ ಬರಲಿ. ಇಷ್ಟು ದುಡ್ಡು ಇವರ ಖಾತೆಗೆ ಹಾಕುತ್ತೇವೆ ಅಂತ ಲೆಟರ್‌ಹೆಡ್ ಮೇಲೆ ಬರೆದುಕೊಡಲಿ. ಫಾರಂನಲ್ಲಿ ಕೊಂಡವರ ಹೆಸರು, ವಿಳಾಸ, ತಾರೀಖು ಎಲ್ಲಾ ತುಂಬಿದ ಮೇಲೆ ಅಪ್ಪ ಅವರ ಕಚೇರಿಯಲ್ಲೇ ಸಹಿ ಹಾಕುತ್ತಾರೆ. ಅದಕ್ಕೆ ಒಪ್ಪಿದರು. ಅದೇ ದಿನ ಮಧ್ಯಾಹ್ನ ಮೂರು ಲಕ್ಷ ಇಪ್ಪತ್ತು ಸಾವಿರ ಆರ್‌ಟಿಜಿಎಸ್‌ನಲ್ಲಿ ಬಂತು. ಉಳಿದ ಒಂದು ಲಕ್ಷ ಮೂವತ್ತು ಸಾವಿರ ಹುಡುಗನ ಖಾತೆಯಿಂದ.

ದುಡ್ಡಿನ ಬಗ್ಗೆ ಒಂದು ಮಾತು. ಹುಡುಗನ ಮಾವ ಪೂರ್ತಿ ಕ್ಯಾಶ್ ಕೊಡುವ ಮಾತನ್ನೂ ಒಮ್ಮೆ ಎತ್ತಿದ್ದರು. ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶ ಇಲ್ಲ. ದಂಡ ಬೀಳುವುದು ಪಡೆದವರಿಗೆ, ಅದೂ ಪಡೆದಷ್ಟೇ ಮೊತ್ತದವರೆಗೆ. ಕಂತು ಮಾಡಿ ಬೇರೆ ಬೇರೆ ದಿನ ತಗೊಂಡರೂ ವ್ಯವಹಾರ ಒಂದೇ. ಮೆಸೇಜ್ ಬಂತು ಅಂತ ನಂಬದೆ, ಪಾಸ್‌ಬುಕ್ ಎಂಟ್ರಿ ಹಾಕಿಸಿ ನೋಡಿಯೇ ಮುಂದಕ್ಕೆ ಹೋದೆವು.

ಆಮೇಲೆ ಸೈಬರ್ ಸೆಂಟರ್‌ನಲ್ಲಿ ಕೂತು ಅರ್ಜಿ ಹಾಕಿದೆವು. ಅಪ್ಪನ ಫೋನಿಗೆ ಒಂದು ಓಟಿಪಿ, ಹುಡುಗನ ಫೋನಿಗೆ ಒಂದು. ಹುಡುಗನ ಸಾಲವನ್ನು ಆರ್‌ಸಿಯಲ್ಲಿ ನಮೂದಿಸಲು ಫಾರಂ 34 ಕೂಡ ಜೊತೆಗೆ. ಶುಲ್ಕ ಆನ್‌ಲೈನ್‌ನಲ್ಲೇ ಕಟ್ಟಿ, ಪ್ರಿಂಟ್ ತೆಗೆದು, ಆರ್‌ಸಿ, ಇನ್ಶೂರೆನ್ಸ್, ಎಮಿಷನ್, ಎಫ್‌ಸಿ, ಇಬ್ಬರ ಆಧಾರ್, ಪ್ಯಾನ್ ಎಲ್ಲಾ ಸೇರಿಸಿ ಆರ್‌ಟಿಓಗೆ ಕೊಟ್ಟು ಸ್ವೀಕೃತಿ ಪಡೆದೆವು. ಫಾರಂ 29 ಅಂದರೆ ಗಾಡಿ ಮಾರಿದ್ದೇನೆ ಅಂತ ಮಾರಿದವರು ಕೊಡುವ ತಿಳಿವಳಿಕೆ. ಮಾರಿದವರು 14 ದಿನದೊಳಗೆ ಇದನ್ನು ತಿಳಿಸಬೇಕು. ಹೆಸರು ಬದಲಿಸಲು ಅರ್ಜಿ ಕೊಡುವುದಕ್ಕೆ ಕೊಂಡವರಿಗೆ 30 ದಿನ. ಸೀಲು ಹೊಡೆದ ಒಂದು ಪ್ರತಿ ನಮ್ಮ ಹತ್ತಿರ ಇಟ್ಟುಕೊಂಡೆವು.

ಇಷ್ಟಾದ ಮೇಲೆ ಡೆಲಿವರಿ ನೋಟ್. ಛಾಪಾ ಕಾಗದದ ಮೇಲೆ ತಾರೀಖು ಮಾತ್ರ ಅಲ್ಲ, ಗಂಟೆ, ನಿಮಿಷ, ಮೀಟರ್ ರೀಡಿಂಗ್ ಎಲ್ಲಾ ಬರೆಸಿ. ಆ ಹೊತ್ತಿನ ನಂತರದ ಕೇಸು, ದಂಡ, ಅಪಘಾತಕ್ಕೆ ಕೊಂಡವರೇ ಹೊಣೆ ಅಂತ ಬರೆಸಿ. ಇದೊಂದೇ ನಿಮ್ಮನ್ನು ಪೂರ್ತಿ ಕಾಯುವುದಿಲ್ಲ, ಆದರೆ ಕೈಯಲ್ಲಿ ಇರಲೇಬೇಕು. ಹಳೆ ಇ-ಚಲನ್ ಬಾಕಿ ಇದೆಯಾ ಅಂತ ಮೊದಲೇ ನೋಡಿ ಕಟ್ಟಿಬಿಡಿ. ನಮ್ಮದರಲ್ಲಿ ಹೈವೇಯಲ್ಲಿ ಸ್ಪೀಡಿನ ಒಂದು ಚಲನ್ ಇತ್ತು.

ಕೀ ಕೊಡುವ ಮೊದಲು ಅಪ್ಪ ಗಾಡಿ ಖಾಲಿ ಮಾಡಿದರು. ಡ್ಯಾಶ್‌ಬೋರ್ಡ್ ಮೇಲಿನ ಉಕ್ಕಡಗಾತ್ರಿ ಅಜ್ಜಯ್ಯನ ಫೋಟೋ ತೆಗೆದರು. ಸೀಟಿನ ಕೆಳಗಿಂದ ಹಗ್ಗ, ಜಾಕ್, ಎಪಿಎಂಸಿ ಗೇಟ್ ಪಾಸಿನ ಹಳೆ ಚೀಟಿಗಳು ಬಂದವು. ಚೀಟಿಗಳನ್ನು ಒಂದೊಂದಾಗಿ ಓದಿ ಜೇಬಿಗೆ ಹಾಕಿಕೊಂಡರು. ಹಗ್ಗ ಮತ್ತು ಜಾಕ್ ಹುಡುಗನಿಗೇ ಕೊಟ್ಟು, "ಥರ್ಡ್ ಗೇರ್ ಬೆಳಿಗ್ಗೆ ಸ್ವಲ್ಪ ಬಿಗಿ ಇರುತ್ತಪ್ಪ, ಜೋರು ಮಾಡಬೇಡ" ಅಂದರು. ಗಾಡಿ ಹೋದ ಮೇಲೆ ಅವತ್ತು ಊಟಕ್ಕೆ ಕೂರಲಿಲ್ಲ. ನನಗೂ ಗಂಟಲು ಕಟ್ಟಿತ್ತು. ಆ ಗಾಡಿಯ ದುಡಿಮೆಯಲ್ಲಿ ನಾನು ಓದಿದ್ದು, ತಂಗಿಯ ಮದುವೆ ಆಗಿದ್ದು.

ಇಲ್ಲಿಗೆ ಮುಗಿಯಿತು ಅಂದುಕೊಂಡಾಗ ಅರ್ಜಿ ವಾಪಸ್ ಬಂತು. ಹುಡುಗನ ಆಧಾರ್‌ನಲ್ಲಿ ಭದ್ರಾವತಿಯ ಹಳೆ ವಿಳಾಸ ಇತ್ತು. ಅದು ಶಿವಮೊಗ್ಗ ಜಿಲ್ಲೆ. ಅರ್ಜಿಯಲ್ಲಿ ಬರೆದಿದ್ದು ಚನ್ನಗಿರಿ ತಾಲ್ಲೂಕಿನ ವಿಳಾಸ. ವಿಳಾಸಕ್ಕೆ ಸರಿಯಾದ ದಾಖಲೆ ಕೊಡಿ ಅಂತ ಆಕ್ಷೇಪಣೆ. ಕಚೇರಿಯವರು ಕೇಳಿದ್ದು ಸರಿಯೇ. ಅವನು ಆಧಾರ್ ಬದಲಿಸಿಕೊಂಡು ಮತ್ತೆ ಕೊಡುವವರೆಗೆ ಗಾಡಿ ಅವನ ಹತ್ತಿರ ಓಡುತ್ತಿತ್ತು, ಹೆಸರು ಅಪ್ಪನದ್ದೇ ಇತ್ತು. ಹೈವೇಯಲ್ಲಿ ಎಲ್ಲಾದರೂ ಪಿಕಪ್ ಅಪಘಾತ ಅಂತ ಸುದ್ದಿ ಬಂದರೆ ಅಪ್ಪ ನಂಬರ್ ಯಾವುದು ಅಂತ ಕೇಳುತ್ತಿದ್ದರು. ರಾತ್ರಿ ಎದ್ದು ಕೂರುತ್ತಿದ್ದರು. ಹುಡುಗ ಒಳ್ಳೆಯವನು, ಫೋನ್ ಮಾಡಿದಾಗಲೆಲ್ಲಾ ಎತ್ತಿದ, ಕೆಲಸ ಬಿಟ್ಟು ಬಂದ. ಅದು ನಮ್ಮ ಪುಣ್ಯ. ನೀವು ಮಾತ್ರ ಅಡ್ವಾನ್ಸ್ ತಗೊಳ್ಳುವ ದಿನವೇ ಕೊಳ್ಳುವವರ ಆಧಾರ್ ವಿಳಾಸ ಓದಿ ನೋಡಿ. ಬೇರೆ ಜಿಲ್ಲೆಯದ್ದಾಗಿದ್ದರೆ ಅದನ್ನು ಸರಿಮಾಡಿಸಿದ ಮೇಲೇ ದಿನ ಗೊತ್ತುಮಾಡಿ. ಸಾಧ್ಯವಾದರೆ ಹೆಸರು ಬದಲಾಗುವವರೆಗೆ ಗಾಡಿ ನಿಮ್ಮ ಹತ್ತಿರವೇ ಇರಲಿ ಅಂತ ಕೇಳಿ. ಕಂತು ಶುರುವಾಗಿರುವ ಗಿರಾಕಿ ಒಪ್ಪುವುದು ಕಷ್ಟ, ಆದರೂ ಕೇಳಿ.

ದಿನಾ ಬೆಳಿಗ್ಗೆ ಗಾಡಿ ನಂಬರ್ ಹಾಕಿ ಎಂಪರಿವಾಹನ್ ಆ್ಯಪ್‌ನಲ್ಲಿ ನೋಡುವುದು ನನಗೆ ರೂಢಿಯಾಗಿತ್ತು. ಅದರಲ್ಲಿ ಮಾಲೀಕರ ಹೆಸರು ಪೂರ್ತಿ ಕಾಣುವುದಿಲ್ಲ. ಒಂದೆರಡು ಅಕ್ಷರ, ಉಳಿದಿದ್ದು ನಕ್ಷತ್ರದ ಗುರುತು. ಕಳೆದ ವಾರ ಒಂದು ದಿನ ಮೊದಲ ಅಕ್ಷರವೇ ಬೇರೆ ಇತ್ತು. ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿ, "ಸ್ಕ್ರೀನ್‌ಶಾಟ್ ತೆಗೆದಿಡು" ಅಂದರು.

ಇನ್ನು ಉಳಿದ ಎರಡು ಕೆಲಸ. ಫಾಸ್ಟ್ಯಾಗ್ ನಾವು ಗಾಡಿ ಕೊಡುವ ಬೆಳಿಗ್ಗೆಯೇ ಬ್ಯಾಂಕಿಗೆ ಹೇಳಿ ಮುಚ್ಚಿಸಿ, ಗಾಜಿನಿಂದ ಕಿತ್ತಿದ್ದೆವು. ಇಲ್ಲದಿದ್ದರೆ ಹೆಬ್ಬಾಳು ಟೋಲ್, ಗುಯಿಲಾಳು ಟೋಲ್ ದಾಟಿದಾಗಲೆಲ್ಲಾ ನಮ್ಮ ಖಾತೆಯಿಂದಲೇ ದುಡ್ಡು ಹೋಗುತ್ತದೆ. ಹುಡುಗ ತನ್ನ ಹೆಸರಿನಲ್ಲಿ ಹೊಸದು ಮಾಡಿಸಿಕೊಂಡ. ಇನ್ಶೂರೆನ್ಸ್ ಕೂಡ ತಾನಾಗಿ ಬದಲಾಗುವುದಿಲ್ಲ. ಕೊಂಡವರು 14 ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಇಲ್ಲದಿದ್ದರೆ ಅವರ ಗಾಡಿಗೆ ಆದ ನಷ್ಟಕ್ಕೆ ಕ್ಲೇಮ್ ಸಿಗುವುದು ಕಷ್ಟ. ಕ್ಲೇಮ್ ಇಲ್ಲದೆ ಸೇರಿದ ಬೋನಸ್ ಮಾತ್ರ ಮಾರಿದವರದ್ದು, ಗಾಡಿ ಜೊತೆ ಹೋಗುವುದಿಲ್ಲ. ಮುಂದೆ ಅದೇ ವರ್ಗದ ಗಾಡಿ ತಗೊಳ್ಳುವ ಯೋಚನೆ ಇದ್ದರೆ ಕಂಪನಿಯಿಂದ ಅದಕ್ಕೊಂದು ಪತ್ರ ಬರೆಸಿಕೊಳ್ಳಿ. ನಾವು ನಿನ್ನೆ ಅದಕ್ಕೂ ಅರ್ಜಿ ಕೊಟ್ಟು ಬಂದೆವು.